ಮಕ್ಕಳ ಸ್ಲೆಡ್ ಎಳೆಯಬೇಕು, ಹುಡಿ ಹಿಮದಲ್ಲೂ ಓಡಬೇಕು: ಒಂದೇ ಸ್ನೋಮೊಬೈಲ್ ಸಾಕೇ?

ಆಳಂದ ನಾಕಾ (ಕಲಬುರಗಿ, ಸದ್ಯ ರಜೆಯಲ್ಲಿ)

ಹೊರಗೆ 42 ಡಿಗ್ರಿ ಬಿಸಿಲು. ನಾನು ಕೂಲರ್ ಮುಂದೆ ಕುಳಿತು ಹಿಮದ ಗಾಡಿಯ ಬಗ್ಗೆ ಕೇಳುತ್ತಿದ್ದೇನೆ. ನಗುವವರು ಒಮ್ಮೆ ನಕ್ಕುಬಿಡಿ, ಆಮೇಲೆ ಉತ್ತರಿಸಿ.

ಕೆಲಸ ಕೆನಡಾದ ಎಡ್ಮಂಟನ್‌ನಲ್ಲಿ. ಅಲ್ಲಿ ತಯಾರಕರು ಮುಂದಿನ ಚಳಿಗಾಲದ ಗಾಡಿಗಳಿಗೆ ವಸಂತದಲ್ಲೇ ಮುಂಗಡ ಬುಕಿಂಗ್ ತೆರೆಯುತ್ತಾರೆ. ಕೆಲವು ಮಾದರಿಗಳು, ಕೆಲವು ಟ್ರ್ಯಾಕ್ (ಗಾಡಿಯ ಕೆಳಗೆ ಸುತ್ತುವ ರಬ್ಬರ್ ಪಟ್ಟಿ) ಅಳತೆಗಳು ಆಗ ಬುಕ್ ಮಾಡಿದವರಿಗೆ ಮಾತ್ರ ಸಿಗುತ್ತವೆ. ಆದ್ದರಿಂದ ಶರಣಬಸವೇಶ್ವರರ ಊರಿನಿಂದ ಹೊರಡುವ ಮೊದಲೇ ನಿರ್ಧಾರವಾಗಬೇಕು.

ಅಗತ್ಯ ಎರಡು. ಒಂದು: ಹೆಂಡತಿ ಹಿಂದಿನ ಸೀಟಿನಲ್ಲಿ, ಐದು ಮತ್ತು ಎಂಟು ವರ್ಷದ ಮಕ್ಕಳು ಹಿಂದೆ ಕಟ್ಟಿದ ಸ್ಲೆಡ್‌ನಲ್ಲಿ (ಹಿಮದ ಮೇಲೆ ಜಾರುವ ಬಂಡಿ). ವೈಟ್‌ಕೋರ್ಟ್ ಕಡೆಯ, ಹಿಮ ಒತ್ತಿ ಹದ ಮಾಡಿದ ದಾರಿಗಳಲ್ಲಿ ನಿಧಾನವಾಗಿ ಸುತ್ತಾಟ, ದಾರಿಯ ಗುಡಿಸಲಿನಲ್ಲಿ ಊಟ, ವಾಪಸ್. ಎರಡು: ಚಳಿಗಾಲದಲ್ಲಿ ಆಗೊಮ್ಮೆ ಈಗೊಮ್ಮೆ ಸ್ನೇಹಿತರ ಜೊತೆ ಬ್ರಿಟಿಷ್ ಕೊಲಂಬಿಯಾದ ವೇಲ್‌ಮೌಂಟ್ ಬೆಟ್ಟಗಳಲ್ಲಿ ಹುಡಿ ಹಿಮದ ಸವಾರಿ. ಗ್ಯಾರೇಜಿನಲ್ಲಿ ಒಂದಕ್ಕೇ ಜಾಗ, ಜೇಬಿನಲ್ಲೂ ಒಂದಕ್ಕೇ.

ಡೀಲರ್ ಒಬ್ಬರು 850 ಸಿಸಿ, 165 ಇಂಚು ಉದ್ದದ ಟ್ರ್ಯಾಕ್ ಇರುವ ಬೆಟ್ಟದ ಗಾಡಿ ತೋರಿಸಿ, ‘ಹಿಂದೆ ಕೊಂಡಿ ಹಾಕಿಕೊಡುತ್ತೇನೆ, ಎಲ್ಲ ಕೆಲಸವೂ ಆಗುತ್ತದೆ’ ಎಂದಿದ್ದಾರೆ. ನಿಜವೇ?

ಸೇಡಂ ಎರೆಹೊಲ

ಹಿಮವನ್ನು ನಾನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಆದರೆ ಎಳೆಯುವ ಗಾಡಿಯ ಬಗ್ಗೆ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

‘ಎಲ್ಲ ಕೆಲಸವೂ ಆಗುತ್ತದೆ’ ಎಂದು ಹೇಳುವ ಮಾರಾಟಗಾರನಿಗೆ ಮೊದಲು ಕೇಳಬೇಕಾದ ಪ್ರಶ್ನೆ: ಲೋ ಗೇರ್ ಇದೆಯೇ? ಎಷ್ಟು ಅಶ್ವಶಕ್ತಿ ಎಂಬುದು ಆಮೇಲೆ. ಭಾರ ಹೊರಡುವುದು ಲೋ ಗೇರಿನಲ್ಲಿ. ಇನ್ನು ನೆಲದ ಮಾತು. ನಮ್ಮ ಎರೆ ಭೂಮಿ ಮಳೆಯಲ್ಲಿ ನೆನೆದಾಗ ಟ್ರ್ಯಾಕ್ಟರ್ ಎಷ್ಟು ಬಲಿಷ್ಠವಾದರೂ ತೆಳ್ಳಗಿನ ಚಕ್ರ ಹೂತುಹೋಗುತ್ತದೆ. ಪಕ್ಕದಲ್ಲಿ ಕಬ್ಬಿಣದ ಜಾಲರಿ ಚಕ್ರ ಸೇರಿಸಿದ ಹಳೆಯ ಸಣ್ಣ ಟ್ರ್ಯಾಕ್ಟರ್ ದಾಟಿಹೋಗುತ್ತದೆ. ಹುಡಿ ಹಿಮವೂ ಹೀಗೆಯೇ ಕುಸಿಯುವುದಾದರೆ ಅಗಲವನ್ನು ವಿಚಾರಿಸಿ. ತಪ್ಪಿದ್ದರೆ ಬಲ್ಲವರು ತಿದ್ದಲಿ.

ಭಾಲ್ಕಿ–ರೊವಾನಿಯೆಮಿ

ತಿದ್ದುವುದಕ್ಕೆ ಏನೂ ಇಲ್ಲ. ಸೇಡಂನವರು ಹಿಮ ನೋಡದೆಯೇ ಅರ್ಧ ವಿಷಯ ಹೇಳಿಬಿಟ್ಟರು.

ನಾನು ಭಾಲ್ಕಿಯವಳು, ಈಗಿರುವುದು ಫಿನ್ಲೆಂಡಿನ ಉತ್ತರದಲ್ಲಿ. ಲಿಂಕ್ಸ್ ಗಾಡಿಗಳು ತಯಾರಾಗುವುದು ನಮ್ಮ ಊರಿನಲ್ಲೇ. ಇಲ್ಲಿ ಸೌದೆ, ಮೀನು, ಅಜ್ಜಿ, ಮಗು ಎಲ್ಲವೂ ಸ್ನೋಮೊಬೈಲ್ ಹಿಂದಿನ ಸ್ಲೆಡ್‌ನಲ್ಲೇ ಬರುತ್ತವೆ.

ಗಾಡಿಯ ಸ್ವಭಾವವನ್ನು ನಿರ್ಧರಿಸುವುದು ಕೆಳಗೆ ಸುತ್ತುವ ರಬ್ಬರ್ ಟ್ರ್ಯಾಕ್. ಅದಕ್ಕೆ ಮೂರು ಅಳತೆ: ಉದ್ದ, ಅಗಲ, ಹಲ್ಲಿನ ಎತ್ತರ. ಹದ ಮಾಡಿದ ದಾರಿಯ ಗಾಡಿಗಳಲ್ಲಿ ಉದ್ದ 129 ಅಥವಾ 137 ಇಂಚು, ಅಗಲ 15, ಹಲ್ಲು ಒಂದೂಕಾಲು ಇಂಚಿನ ಆಸುಪಾಸು. ಬೆಟ್ಟದ ಗಾಡಿಗಳಲ್ಲಿ ಉದ್ದ 154ರಿಂದ 165, ಕೆಲವೊಮ್ಮೆ 175. ಹಲ್ಲು ಎರಡೂವರೆಯಿಂದ ಮೂರು ಇಂಚು. ನಡುವೆ 146 ಇಂಚಿನ ಮಿಶ್ರ ತಳಿ ಒಂದಿದೆ: ಸ್ಕಿ-ಡೂ ಬ್ಯಾಕ್‌ಕಂಟ್ರಿ, ಪೋಲಾರಿಸ್ ಸ್ವಿಚ್‌ಬ್ಯಾಕ್. ಇವುಗಳ ಆಚೆ ದುಡಿಮೆಯ ಗಾಡಿಗಳು: ಸ್ಕಿ-ಡೂ ಎಕ್ಸ್‌ಪೆಡಿಷನ್ ಮತ್ತು ಸ್ಕ್ಯಾಂಡಿಕ್, ಪೋಲಾರಿಸ್ ಟೈಟನ್, ಲಿಂಕ್ಸ್ ಕಮಾಂಡರ್. ಇವುಗಳ ಟ್ರ್ಯಾಕ್ ಸಾಮಾನ್ಯವಾಗಿ 20 ಇಂಚು ಅಗಲ, ಉದ್ದ 154ರ ಸುಮಾರು.

146ಕ್ಕೆ 15ರ ಟ್ರ್ಯಾಕನ್ನೂ 154ಕ್ಕೆ 20ರ ಟ್ರ್ಯಾಕನ್ನೂ ಗುಣಿಸಿ ನೋಡಿ. ಎರಡನೆಯದರ ಹರವು ಸುಮಾರು 40 ಪ್ರತಿಶತ ಹೆಚ್ಚು. ಸ್ಲೆಡ್ ಕಟ್ಟಿಕೊಂಡು ಮೃದು ಹಿಮದಲ್ಲಿ ನಿಂತು ಮತ್ತೆ ಹೊರಡುವಾಗ ಈ ಹರವೇ ಕಾಪಾಡುವುದು.

ಈಗ ನಿಮ್ಮ ಡೀಲರ್ ತೋರಿಸಿದ ಗಾಡಿ. ಮೂರು ಇಂಚಿನ ಹಲ್ಲು ಹುಡಿ ಹಿಮವನ್ನು ತೋಡಲು ಬೇಕು. ಗಟ್ಟಿ ದಾರಿಯಲ್ಲಿ ಅದೇ ಹಲ್ಲು ಬಾಗುತ್ತದೆ, ಬಿಸಿಯಾಗುತ್ತದೆ, ಬೇಗ ಹಾಳಾಗುತ್ತದೆ. ಉದ್ದ ಟ್ರ್ಯಾಕ್ ಗಾಡಿಯನ್ನು ನೇರಕ್ಕೇ ತಳ್ಳುತ್ತದೆ, ತಿರುವಿನಲ್ಲಿ ಮುಂದಿನ ಸ್ಕೀ ಜಾರುತ್ತದೆ. ಇನ್ನೊಂದು ಸಂಗತಿಯನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ: ಈ ಎಂಜಿನ್‌ಗಳನ್ನು ತಣ್ಣಗಿಡುವುದು ಹಿಮವೇ. ಟ್ರ್ಯಾಕ್ ಎರಚುವ ಹಿಮ ಮೇಲಿನ ಶೀತಕ ಕೊಳವೆಗೆ ಬಡಿದು ಕರಗಿದಾಗ ಎಂಜಿನ್ ತಂಪಾಗುತ್ತದೆ. ಟ್ರ್ಯಾಕ್ ಒಳಗಿನ ಪ್ಲಾಸ್ಟಿಕ್ ಜಾರುಪಟ್ಟಿಗೆ ತೇವ ಒದಗಿಸುವುದೂ ಹಿಮವೇ. ದಾರಿ ಹೆಪ್ಪುಗಟ್ಟಿ ಕಲ್ಲಿನಂತಿದ್ದಾಗ ಎರಚಲು ಹಿಮವಿಲ್ಲ. ಎಂಜಿನ್ ಬಿಸಿಯೇರುತ್ತದೆ, ಪಟ್ಟಿ ಕರಗುತ್ತದೆ. ಹಿಮ ಕೆರೆಯುವ ಸ್ಕ್ರ್ಯಾಚರ್ ಕಡ್ಡಿಗಳನ್ನು ಹಾಕಿಸಬಹುದು, ಸ್ವಲ್ಪ ಸಹಾಯವಾಗುತ್ತದೆ. ದುಡಿಮೆಯ ಗಾಡಿಗಳಲ್ಲಿ ಫ್ಯಾನ್ ಇರುವ ರೇಡಿಯೇಟರ್ ಬರುತ್ತದೆ, ಆ ಚಿಂತೆ ಕಡಿಮೆ.

ಹುಮನಾಬಾದ್ ಹುಡುಗ (ಕ್ಯಾಲ್ಗರಿ)

ಅಕ್ಕ, ಕೊನೆಯ ಕಂತಿನವರೆಗೆ ಒಪ್ಪಿದೆ. ಆದರೆ ಫಿನ್ಲೆಂಡಿನ ಸಮತಟ್ಟು ಕಾಡಿನಿಂದ ವೇಲ್‌ಮೌಂಟ್ ಅಳೆಯಬೇಡಿ.

ಇಲ್ಲಿ ಬೆಟ್ಟವೆಂದರೆ ಬೆಟ್ಟ. ಇಳಿಜಾರಿನಲ್ಲಿ ಅಡ್ಡಡ್ಡ ಹೋಗುವಾಗ ಗಾಡಿಯನ್ನು ಒಂದು ಬದಿಗೆ ವಾಲಿಸಿ ಹಿಡಿಯಬೇಕು. 20 ಇಂಚಿನ ಟ್ರ್ಯಾಕ್ ವಾಲುವುದಿಲ್ಲ, ಚಪ್ಪಟೆಯಾಗಿಯೇ ಇರಲು ಹಟ ಮಾಡುತ್ತದೆ. ಬೆಟ್ಟದ ಗಾಡಿಯ ಸ್ಕೀಗಳ ನಡುವಿನ ಅಂತರ 36 ಇಂಚಿನ ಆಸುಪಾಸು ಇರುವುದು ಇದಕ್ಕೇ. ದಾರಿಯ ಗಾಡಿಗಳಲ್ಲಿ ಅದು 42ರ ಮೇಲೆ. ಇನ್ನು ತೂಕ. 850ರ ಬೆಟ್ಟದ ಗಾಡಿ ಪೆಟ್ರೋಲ್ ತುಂಬುವ ಮೊದಲು 200 ಕಿಲೋ ಚಿಲ್ಲರೆ. ನಾಲ್ಕು ಸ್ಟ್ರೋಕ್‌ನ ಅಗಲ ಗಾಡಿ 300 ದಾಟುತ್ತದೆ. ಮರದ ಬುಡದ ಹಿಮಗುಂಡಿಗೆ ಬಿದ್ದರೆ ಎತ್ತುವವರು ಯಾರು? ಅದನ್ನು ಬೆಟ್ಟಕ್ಕೆ ತಂದವನ ಜೊತೆ ಮುಂದಿನ ವಾರ ಯಾರೂ ಬರುವುದಿಲ್ಲ.

ನನ್ನ ಸಲಹೆ: ಹೊಸತು ಬಿಡಿ. ಹಳೆಯವು ಎರಡು ತೆಗೆದುಕೊಳ್ಳಿ, ಎಳೆಯಲು ಒಂದು, ಹಾರಲು ಒಂದು.

ಆಳಂದ ನಾಕಾ

ಗ್ಯಾರೇಜಿನಲ್ಲಿ ಒಂದಕ್ಕೇ ಜಾಗ ಎಂದು ಮೊದಲೇ ಬರೆದಿದ್ದೇನೆ. ಎರಡು ಗಾಡಿಯಾದರೆ ಎರಡು ನೋಂದಣಿ, ಎರಡು ವಿಮೆ, ದೊಡ್ಡ ಟ್ರೇಲರ್. ಹೆಂಡತಿಗೆ ಹೇಳುವ ಧೈರ್ಯ ನಿಮಗಿದ್ದರೆ ನಂಬರ್ ಕೊಡುತ್ತೇನೆ.

146ರ ಮಿಶ್ರ ತಳಿ ಹೇಗೆ? ನಡುವಿನದು ಎಂದರೆ ಎರಡಕ್ಕೂ ಒಗ್ಗಬೇಕಲ್ಲವೇ?

ಸ್ಕೂಟರ್ ರಿಪೇರಿ (ಸೂಪರ್ ಮಾರ್ಕೆಟ್, ಕಲಬುರಗಿ)

ಈ ಗಾಡಿಗಳಲ್ಲಿ ಗೇರ್ ಬದಲು ಬೆಲ್ಟ್ ಮತ್ತು ಎರಡು ತಟ್ಟೆಗಳ ಕ್ಲಚ್ ಇರುತ್ತದೆ ಎಂದು ವಿಡಿಯೊ ನೋಡಿ ತಿಳಿದುಕೊಂಡೆ. ನಮ್ಮ ಗೇರಿಲ್ಲದ ಸ್ಕೂಟರ್‌ಗಳ ವ್ಯವಸ್ಥೆಯೇ, ಗಾತ್ರ ದೊಡ್ಡದು. ಹಾಗಿದ್ದರೆ ನನ್ನ ಅಂಗಡಿಯ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಬೆಲ್ಟ್ ಸಾಯುವುದು ಅತಿ ವೇಗದಲ್ಲಿ ಅಲ್ಲ. ಭಾರ ಹೊತ್ತು, ಏರಿನಲ್ಲಿ, ನಿಧಾನವಾಗಿ, ಎಕ್ಸಲರೇಟರ್ ತಿರುವಿಕೊಂಡೇ ಹೋದಾಗ. ತಟ್ಟೆ ಪೂರ್ತಿ ಹಿಡಿಯುವುದಿಲ್ಲ, ಬೆಲ್ಟ್ ಜಾರುತ್ತದೆ, ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಜಾರುವಿಕೆ. ಮೂರು ಜನ ಕುಳಿತು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಬರುವ ಗಿರಾಕಿಗಳ ಸ್ಕೂಟರ್ ತೆರೆದರೆ ಒಳಗೆ ಕಪ್ಪು ಪುಡಿ. ಹೆಂಡತಿ, ಮಕ್ಕಳು, ಊಟದ ಬುಟ್ಟಿ, ಸ್ಲೆಡ್ ಎಲ್ಲ ಸೇರಿ ನಡಿಗೆಯ ವೇಗದಲ್ಲಿ ಏರು ಹತ್ತಿದರೆ ಅಲ್ಲಿಯೂ ಇದೇ ಆಗಬೇಕು. ಬೆಲ್ಟಿನ ಆಚೆ ಬೇರೆ ಲೋ ಗೇರ್ ಇರುವ ಮಾದರಿ ಇದೆಯೇ? ಇದ್ದರೆ ಕಣ್ಣು ಮುಚ್ಚಿ ಅದೇ.

ಭಾಲ್ಕಿ–ರೊವಾನಿಯೆಮಿ

ಇದೆ. ಎಕ್ಸ್‌ಪೆಡಿಷನ್, ಸ್ಕ್ಯಾಂಡಿಕ್ ಸಾಲಿನ ಹಲವು ಮಾದರಿಗಳಲ್ಲಿ ಬೆಲ್ಟಿನ ಜೊತೆಗೆ ಹೈ, ಲೋ, ರಿವರ್ಸ್ ಇರುವ ಪೆಟ್ಟಿಗೆ ಬರುತ್ತದೆ. ಲೋ ಹಾಕಿದರೆ ಎಂಜಿನ್ ಸರಿಯಾದ ಸುತ್ತಿನಲ್ಲಿ ಓಡುತ್ತದೆ, ಬೆಲ್ಟ್ ಬಿಗಿಯಾಗಿ ಹಿಡಿಯುತ್ತದೆ. 146ರ ಮಿಶ್ರ ತಳಿಯಲ್ಲಿ ಇದು ಇಲ್ಲ. ಹಗುರವಾದ ಸ್ಲೆಡ್ಡನ್ನು ಚಪ್ಪಟೆ ದಾರಿಯಲ್ಲಿ ಅದು ಎಳೆದೀತು. ಒಬ್ಬ ಸವಾರ, ಒಂದು ಮಗು ಎಂದಿದ್ದರೆ ನಾನೇ ಅದನ್ನು ಸೂಚಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಹೆಂಡತಿಯೂ ಕೂರಬೇಕು ಎಂದಿರಿ. ಮಿಶ್ರ ತಳಿಯ ಬಹುತೇಕ ಗಾಡಿಗಳು ಒಬ್ಬರಿಗಾಗಿಯೇ ಮಾಡಿದವು. ಅಲ್ಲಿಗೆ ಮುಗಿಯಿತು.

ದುಡಿಮೆಯ ಗಾಡಿಯ ಇನ್ನೊಂದು ಗುಣ ರಿವರ್ಸ್‌ನಲ್ಲಿ ಕಾಣುತ್ತದೆ. ಟ್ರ್ಯಾಕಿನ ಹಿಂತುದಿ ಕೀಲಿನಿಂದ ಮೇಲಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ಆಳ ಹಿಮದಲ್ಲಿ ಹಿಂದೆ ಸರಿದರೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳದೆ ಹಿಮದ ಮೇಲೆ ಏರುತ್ತದೆ. ಬೆಟ್ಟದ ಗಾಡಿ ಹಿಂದೆ ಸರಿದರೆ ನೇರ ಪಾತಾಳ.

ಯಾದಗಿರಿ ಸ್ಟೇಷನ್ ರೋಡ್

ಇಷ್ಟು ಹೊತ್ತು ಇಂಚು, ಕಿಲೋ, ಬೆಲ್ಟ್ ಎಲ್ಲ ಓದಿದೆ. ಸ್ಲೆಡ್‌ನಲ್ಲಿ ಕುಳಿತ ಮಕ್ಕಳ ಬಗ್ಗೆ ಒಬ್ಬರೂ ಕೇಳಲಿಲ್ಲ.

ಅವರನ್ನು ಯಾವುದರಿಂದ ಕಟ್ಟುತ್ತೀರಿ? ಮುಂದಿನ ಗಾಡಿ ಗಕ್ಕನೆ ನಿಂತರೆ ಹಿಂದಿನ ಸ್ಲೆಡ್ ಎಲ್ಲಿಗೆ ಹೋಗುತ್ತದೆ? ಟ್ರ್ಯಾಕ್ ಎರಚುವ ಹಿಮ ಯಾರ ಮುಖಕ್ಕೆ ಬೀಳುತ್ತದೆ? ಹೊಗೆ ಯಾರ ಮೂಗಿಗೆ? ಮಗು ಅತ್ತರೆ ಹೆಲ್ಮೆಟ್ ಒಳಗಿರುವ ಅಪ್ಪನಿಗೆ ಕೇಳಿಸುತ್ತದೆಯೇ? ಮೈನಸ್ 20ರಲ್ಲಿ ಅಲ್ಲಾಡದೆ ಕುಳಿತ ಐದು ವರ್ಷದ ಮಗುವಿನ ಕಾಲ್ಬೆರಳು ಎಷ್ಟು ಹೊತ್ತು ತಡೆದೀತು? ಓಡಿಸುವವನಿಗೆ ಹಿಡಿಕೆಯಲ್ಲಿ ಹೀಟರ್ ಇರುತ್ತದೆಯಂತೆ, ಮಕ್ಕಳಿಗೆ ಏನಿದೆ?

ಭಾಲ್ಕಿ–ರೊವಾನಿಯೆಮಿ

ಈ ಚರ್ಚೆ ಇಲ್ಲಿಂದಲೇ ಶುರುವಾಗಬೇಕಿತ್ತು. ಒಂದೊಂದಾಗಿ ಹೇಳುತ್ತೇನೆ.

ಹಗ್ಗ ಕೂಡದು. ಬ್ರೇಕ್ ಹಾಕಿದಾಗ ಹಗ್ಗ ಸಡಿಲವಾಗುತ್ತದೆ, ಸ್ಲೆಡ್ ಜಾರಿಬಂದು ಗಾಡಿಗೆ ಗುದ್ದುತ್ತದೆ. ಬಾಗದ ಕಬ್ಬಿಣದ ಎಳೆಗಂಬಿ ಬೇಕು, ಅದು ಉದ್ದವಾಗಿಯೂ ಇರಬೇಕು. ಜೊತೆಗೆ ಕೊಂಡಿ ಕಳಚಿದರೂ ಹಿಡಿದುಕೊಳ್ಳಲು ಸುರಕ್ಷಾ ಸರಪಳಿ. ಸ್ಲೆಡ್ ಜನರಿಗಾಗಿಯೇ ಮಾಡಿದ್ದಿರಬೇಕು: ಬೆನ್ನಿಗೆ ಆಸರೆ, ಎತ್ತರದ ಬದಿಗಳು, ಮುಂದೆ ಗಾಳಿ ತಡೆಯುವ ಗಾಜು ಅಥವಾ ಹೊದಿಕೆ, ಅಡಿಯಲ್ಲಿ ಸ್ಪ್ರಿಂಗ್. ಸಾಮಾನು ಎಳೆಯುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮಕ್ಕಳನ್ನು ಕೂರಿಸುವವರನ್ನು ಇಲ್ಲಿಯೂ ಕಾಣುತ್ತೇನೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಹಿಮದ ಎರಚಲಿಗೆ ಉತ್ತರ ಗಾಡಿಯ ಹಿಂದೆ ಇಳಿಬಿದ್ದ ರಬ್ಬರ್ ಪರದೆ. ಬೆಟ್ಟದ ಗಾಡಿಗಳಲ್ಲಿ ಇದು ಗಿಡ್ಡ. ಉದ್ದ ಹಲ್ಲು ಎಸೆಯುವ ಗಟ್ಟಿ ಹಿಮದ ಚೂರುಗಳು ನೇರವಾಗಿ ಮಕ್ಕಳ ಮೇಲೆ. ಆ ಡೀಲರ್ ಕೊಂಡಿ ಹಾಕಿಕೊಡುವುದಾಗಿ ಹೇಳಿದರಲ್ಲ, ಪರದೆಯ ಮಾತು ಎತ್ತಿದರೇ?

ಹೊಗೆ. ಎರಡು ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಜೊತೆ ಎಣ್ಣೆಯನ್ನೂ ಸುಡುತ್ತದೆ. ಹೊಸ ಎಂಜಿನ್‌ಗಳಲ್ಲಿ ಹೊಗೆ ಬಹಳ ಇಳಿದಿದೆ, ಆದರೂ ನಿಧಾನವಾಗಿ ಹೋಗುವಾಗ ಹಿಂದೆ ಕುಳಿತವರ ಬಟ್ಟೆಗೆಲ್ಲ ಆ ವಾಸನೆ ಹತ್ತುತ್ತದೆ. ಮಕ್ಕಳಿದ್ದಾರೆ ಎಂದರೆ ನಾಲ್ಕು ಸ್ಟ್ರೋಕ್. ಅದರ ಎಂಜಿನ್ ಇಳಿಜಾರಿನಲ್ಲಿ ತಾನೇ ಹಿಡಿದುಕೊಳ್ಳುತ್ತದೆ, ಹಿಂದಿನಿಂದ ಭಾರ ತಳ್ಳುವಾಗ ಅದು ದೊಡ್ಡ ನೆಮ್ಮದಿ. ಸದ್ದೂ ಕಡಿಮೆ.

ಚಳಿಗೆ: ಅಡಿಯಲ್ಲಿ ಹಿಮಸಾರಂಗದ ಚರ್ಮ ಅಥವಾ ದಪ್ಪ ಫೋಮ್, ಮೇಲೆ ಮಲಗುಚೀಲ, ಆಗಾಗ ನಿಲ್ಲಿಸಿ ಇಳಿಸಿ ಓಡಾಡಿಸುವುದು. ಹಿಂದೆ ಜನರಿದ್ದರೆ ನಾನು ಗಂಟೆಗೆ 30 ಕಿ.ಮೀ. ದಾಟುವುದಿಲ್ಲ. ದೊಡ್ಡವರೊಬ್ಬರು ಸ್ಲೆಡ್‌ನಲ್ಲೇ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯವರು ಹಿಂದಿನ ಸೀಟಿನ ಬದಲು ಅಲ್ಲಿ ಕುಳಿತುಕೊಳ್ಳಲಿ, ಮಾತಾಡಲು ಒಂದು ರೇಡಿಯೊ ಕೊಡಿ.

ಒಂದು ಮಾತು ಸೇರಿಸಬೇಕೆನಿಸಿತು. ಸ್ಕಿ-ಡೂ ಶುರುಮಾಡಿದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಕ್ವಿಬೆಕ್‌ನ ವಾಲ್ಕೂರ್ ಊರಿನ ಮೆಕ್ಯಾನಿಕ್. 1934ರ ಚಳಿಗಾಲದಲ್ಲಿ ಹಿಮ ದಾರಿ ಮುಚ್ಚಿದ್ದರಿಂದ ಅವರ ಪುಟ್ಟ ಮಗನನ್ನು ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಅವರು ಮೊದಲು ಮಾಡಿದ್ದು ಹಲವರು ಕುಳಿತುಕೊಳ್ಳುವ ಮುಚ್ಚಿದ ಹಿಮಗಾಡಿಗಳನ್ನು. ವೈದ್ಯರು, ಅಂಚೆ, ಶಾಲಾ ಮಕ್ಕಳು ಅವುಗಳಲ್ಲಿ ಓಡಾಡಿದರು. ಒಬ್ಬರು ಇಬ್ಬರು ಏರುವ ಸ್ಕಿ-ಡೂ ಬಂದದ್ದು 1959ರಲ್ಲಿ. ಜಿಗಿದಾಟವೆಲ್ಲ ಆಮೇಲಿನದು.

ಕಾರಂಜಾ (ಬೀದರ್, ಮಾಜಿ ಸೈನಿಕ)

ಎತ್ತರದ ಹಿಮಪ್ರದೇಶದಲ್ಲಿ ಸೇವೆ ಮಾಡಿದವನು ನಾನು. ಅಲ್ಲಿ ಸ್ನೋ ಸ್ಕೂಟರ್ ಮೇಲೆ ಸೀಮೆಎಣ್ಣೆ, ಪಡಿತರ, ಕೆಲವೊಮ್ಮೆ ಗಾಯಾಳು. ಯಾವ ಕಂಪನಿ, ಎಷ್ಟು ಸಿಸಿ ಎಂಬ ಚರ್ಚೆ ನನಗೆ ಬೇಡ. ಹಿಮದ ಸ್ವಭಾವ ಹೇಳುತ್ತೇನೆ.

ಭಾರ ಕಟ್ಟಿಕೊಂಡು ಏರಿನ ನಡುವೆ ನಿಲ್ಲಿಸಬೇಡಿ. ನಿಲ್ಲಿಸುವುದಾದರೆ ಮೂತಿ ಇಳಿಜಾರಿಗೆ. ಮೃದು ಹಿಮದಲ್ಲಿ ನಿಲ್ಲುವ ಮೊದಲು ಸ್ವಲ್ಪ ದೂರ ನಿಧಾನವಾಗಿ ಸಾಗಿ ನೆಲ ಗಟ್ಟಿ ಮಾಡಿಕೊಳ್ಳಿ. ಹೂತರೆ ಎಂಜಿನ್ ಕೂಗಿಸಬೇಡಿ. ಅದು ಇನ್ನೂ ಕೆಳಗೆ ಹೋಗುತ್ತದೆ. ಸ್ಲೆಡ್ ಬಿಚ್ಚಿ, ಮುಂದಿನ ಹಿಮ ತುಳಿದು ದಾರಿ ಮಾಡಿ, ಗಾಡಿ ಈಚೆ ತೆಗೆದು, ಆಮೇಲೆ ಸ್ಲೆಡ್ ಕಟ್ಟಿಕೊಳ್ಳಿ. ಇದನ್ನು ಒಬ್ಬನೇ ಮಾಡುವಷ್ಟು ತೂಕದ ಗಾಡಿಯನ್ನೇ ಕೊಳ್ಳಿ, ಅಥವಾ ಒಬ್ಬನೇ ಹೋಗಬೇಡಿ.

ವೇಲ್‌ಮೌಂಟ್ ಸವಾರಿಯ ಬಗ್ಗೆ ನನಗೆ ಬೇರೆ ಪ್ರಶ್ನೆ ಇದೆ. ಹಿಮಕುಸಿತದ ತರಬೇತಿ ಆಗಿದೆಯೇ? ಟ್ರಾನ್ಸೀವರ್ (ಹಿಮದಲ್ಲಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಶೋಧ ಕೋಲು, ಸಲಿಕೆ ಪ್ರತಿಯೊಬ್ಬರ ಮೈಮೇಲೂ ಇರುತ್ತವೆಯೇ? ಗಾಡಿಯ ಪೆಟ್ಟಿಗೆಯಲ್ಲಿ ಇಟ್ಟದ್ದು ಲೆಕ್ಕಕ್ಕಿಲ್ಲ. ಕುಸಿತದಲ್ಲಿ ಗಾಡಿ ಒಂದು ಕಡೆ, ಮನುಷ್ಯ ಒಂದು ಕಡೆ. ಗಾಡಿಗೆ ಸಾವಿರಾರು ಡಾಲರ್ ಇಟ್ಟುಕೊಂಡವರು ಇದಕ್ಕೂ ಇಟ್ಟುಕೊಂಡಿರಬೇಕು.

ಹುಮನಾಬಾದ್ ಹುಡುಗ (ಕ್ಯಾಲ್ಗರಿ)

ಕಾರಂಜಾ ಅವರ ಮಾತು ನೂರಕ್ಕೆ ನೂರು. ಕೆನಡಾದಲ್ಲಿ ಎಎಸ್‌ಟಿ 1 ಎಂಬ ಆರಂಭಿಕ ತರಬೇತಿ ಇದೆ, ಸ್ನೋಮೊಬೈಲ್ ಸವಾರರಿಗಾಗಿಯೇ ನಡೆಸುವವರೂ ಇದ್ದಾರೆ. ಅವಲಾಂಚ್ ಕೆನಡಾ ಸಂಸ್ಥೆಯ ದಿನದ ಮುನ್ಸೂಚನೆ ಓದದೆ ನಾವು ಗಾಡಿ ಇಳಿಸುವುದೇ ಇಲ್ಲ.

ಎತ್ತರದ ವಿಚಾರವನ್ನೂ ಸೇರಿಸಿಬಿಡುತ್ತೇನೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಮೂರು ಪ್ರತಿಶತ ಬಲ ಕಳೆದುಕೊಳ್ಳುತ್ತದೆ. 2000 ಮೀಟರ್ ಮೇಲೆ ಐದನೇ ಒಂದು ಪಾಲು ಹೋಯಿತು. ಎಕ್ಸ್‌ಪೆಡಿಷನ್‌ನಲ್ಲಿ 900 ಸಿಸಿ ನಾಲ್ಕು ಸ್ಟ್ರೋಕ್ ಎರಡು ಬಗೆ ಇದೆ: ಟರ್ಬೊ ಇಲ್ಲದ್ದು 95 ಅಶ್ವಶಕ್ತಿಯ ಆಸುಪಾಸು, ಟರ್ಬೊ ಇರುವುದು ಅದಕ್ಕಿಂತ ಬಹಳ ಹೆಚ್ಚು. ಬೆಟ್ಟಕ್ಕೆ ಒಯ್ಯುವ ಹಟವಿದ್ದರೆ ಟರ್ಬೊ. ಆದರೂ ಅದು ಭಾರವಾದ ಗಾಡಿಯೇ, ನನ್ನ ಮೊದಲ ಆಕ್ಷೇಪ ಹಾಗೆಯೇ ಉಳಿಯುತ್ತದೆ.

ಸೇಡಂ ಎರೆಹೊಲ

ತೊಗರಿ ರಾಶಿ ಮಾಡುವ ದೊಡ್ಡ ಯಂತ್ರವನ್ನು ನಾವ್ಯಾರೂ ಕೊಳ್ಳುವುದಿಲ್ಲ, ಸುಗ್ಗಿಯಲ್ಲಿ ಬಾಡಿಗೆಗೆ ತರಿಸುತ್ತೇವೆ. ಬೆಟ್ಟದ ಗಾಡಿ ಬಾಡಿಗೆಗೆ ಸಿಗುವುದಿಲ್ಲವೇ?

ಆಳಂದ ನಾಕಾ

ಸಿಗುತ್ತದೆ! ವೇಲ್‌ಮೌಂಟ್‌ನಲ್ಲೇ ಬೆಟ್ಟದ ಗಾಡಿಗಳನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಸ್ನೇಹಿತರೆಲ್ಲ ಸ್ವಂತ ಗಾಡಿ ತರುವುದರಿಂದ ಆ ಕಡೆ ತಲೆ ಹೋಗಿರಲಿಲ್ಲ. ಬಾಡಿಗೆ ದುಬಾರಿ, ಜೊತೆಗೆ ಗಾಡಿ ಜಖಂ ಆದರೆ ಎಂದು ದೊಡ್ಡ ಮೊತ್ತ ಠೇವಣಿ ಹಿಡಿಯುತ್ತಾರೆ. ಆದರೂ ವರ್ಷದಲ್ಲಿ ಕೆಲವೇ ಸಲ ಹೋಗುವವನಿಗೆ ಎರಡನೇ ಗಾಡಿಯ ವಿಮೆಗಿಂತ ಅದು ಹಗುರ.

ಹೀಗಾದರೆ ಮನೆಯ ಗಾಡಿಯಿಂದ ಬೆಟ್ಟದ ಆಸೆಯನ್ನು ಬಿಡಿಸಬಹುದು. ವೈಟ್‌ಕೋರ್ಟ್ ಸುತ್ತಲಿನ ಬಯಲುಗಳಲ್ಲಿ, ಕಾಡಿನ ಕಡಿದ ಜಾಗಗಳಲ್ಲಿ ಮೊಣಕಾಲುದ್ದ ಹೊಸ ಹಿಮ ಬೀಳುತ್ತದೆ. ಸ್ಲೆಡ್ ಬಿಚ್ಚಿಟ್ಟು ಅಲ್ಲಿ ಸುತ್ತಲು 154ಕ್ಕೆ 20 ಸಾಕಲ್ಲವೇ?

ಭಾಲ್ಕಿ–ರೊವಾನಿಯೆಮಿ

ಸಾಕು ಎನ್ನುವುದು ಕಡಿಮೆಯಾಯಿತು. ಅಂಥ ಬಯಲಿನಲ್ಲಿ ಅಗಲ ಗಾಡಿ ತೇಲುತ್ತದೆ, ಬೆಟ್ಟದ ಗಾಡಿಯವರೂ ಹಿಂತಿರುಗಿ ನೋಡುತ್ತಾರೆ. ಹಲ್ಲು ಒಂದೂವರೆ ಇಂಚಿನದು ಬೇಡ, 1.8ರ ಸುಮಾರಿನದನ್ನು ಕೇಳಿ. ಗಟ್ಟಿ ದಾರಿಗೆ ಅದು ಅತಿಯಾಗುವುದಿಲ್ಲ.

ಹುಮನಾಬಾದ್ ಹುಡುಗ (ಕ್ಯಾಲ್ಗರಿ)

ಬಾಡಿಗೆ ಗಾಡಿಯಲ್ಲಿ ಕಲಿಯುವುದು ಕಷ್ಟ ಎಂದೇ ನನ್ನ ವಾದ. ಪ್ರತಿ ಸಲ ಬೇರೆ ಕ್ಲಚ್, ಬೇರೆ ಹಿಡಿಕೆಯ ಎತ್ತರ. ಆದರೆ ಮನೆಯ ಪರಿಸ್ಥಿತಿ ಅರ್ಥವಾಗುತ್ತದೆ, ಇನ್ನು ಜಗಳವಾಡುವುದಿಲ್ಲ.

ಹೊಸತರ ಬೆಲೆ ಕೈಗೆಟುಕದಿದ್ದರೆ ಹಳೆಯ ಯಮಾಹಾ ವಿಕೆ ಪ್ರೊಫೆಷನಲ್ ನೋಡಿ: 20 ಇಂಚಿನ ಟ್ರ್ಯಾಕ್, ಮೂರು ಸಿಲಿಂಡರಿನ ನಾಲ್ಕು ಸ್ಟ್ರೋಕ್, ಲೋ ಗೇರ್ ಕೂಡ ಇದೆ. ಯಮಾಹಾ ಸ್ನೋಮೊಬೈಲ್ ವ್ಯವಹಾರ ನಿಲ್ಲಿಸುವುದಾಗಿ 2023ರಲ್ಲೇ ಪ್ರಕಟಿಸಿತು, 2025ರ ಮಾದರಿಗಳೇ ಕೊನೆ. ಬಿಡಿಭಾಗಗಳ ವಿಚಾರವನ್ನು ಊರಿನ ಮೆಕ್ಯಾನಿಕ್ ಹತ್ತಿರ ಕೇಳಿಕೊಂಡು ಮುಂದುವರಿಯಿರಿ.

ಸ್ಕೂಟರ್ ರಿಪೇರಿ (ಸೂಪರ್ ಮಾರ್ಕೆಟ್, ಕಲಬುರಗಿ)

ಹಳೆಯದಾದರೆ ಕ್ಲಚ್ ಮುಚ್ಚಳ ತೆಗೆಸಿ ನೋಡದೆ ಹಣ ಕೊಡಬೇಡಿ. ತಟ್ಟೆಗಳ ಮೇಲೆ ಬೆಲ್ಟ್ ಓಡಿದ ಗೆರೆ ಕೈಗೆ ತಗಲುವಷ್ಟು ಆಳವಿದ್ದರೆ ಆ ಗಾಡಿ ಜೀವನವಿಡೀ ಭಾರ ಎಳೆದಿದೆ. ಹೊಸದಾದರೂ ಒಂದು ಬೆಲ್ಟ್ ಜೊತೆಯಲ್ಲೇ ಇರಲಿ, ಬದಲಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಯಾದಗಿರಿ ಸ್ಟೇಷನ್ ರೋಡ್

ಮಕ್ಕಳ ಹೆಲ್ಮೆಟ್ ಅವರ ತಲೆಯ ಅಳತೆಯದೇ ಇರಲಿ. ಬೆಳೆಯುತ್ತಾರೆ ಎಂದು ದೊಡ್ಡದು ತೆಗೆದುಕೊಳ್ಳಬೇಡಿ.

ಆಳಂದ ನಾಕಾ

ಅಳತೆಯದೇ ತೆಗೆದುಕೊಳ್ಳುತ್ತೇವೆ. ಆಲ್ಬರ್ಟಾದ ಸಾರ್ವಜನಿಕ ಭೂಮಿಯಲ್ಲಿ ಇಂಥ ಗಾಡಿಗಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ, ಸ್ಲೆಡ್‌ನಲ್ಲಿರುವವರಿಗೂ ನಮ್ಮ ಮನೆಯಲ್ಲಿ ಅದೇ ಕಾನೂನು.

ಹೆಂಡತಿಗೆ ಇಡೀ ಚರ್ಚೆ ಓದಿ ಹೇಳಿದೆ. ಸ್ಲೆಡ್‌ನಲ್ಲಿ ತಾನೇ ಕೂರುವುದಾಗಿಯೂ ರೇಡಿಯೊ ತನ್ನ ಕೈಯಲ್ಲೇ ಇರಬೇಕೆಂದೂ ಹೇಳಿದ್ದಾಳೆ. 154ಕ್ಕೆ 20, ನಾಲ್ಕು ಸ್ಟ್ರೋಕ್, ಲೋ ಗೇರ್, ಮಡಚುವ ಹಿಂತುದಿ ಇವಿಷ್ಟನ್ನು ಡೀಲರ್‌ಗೆ ಬರೆದು ಕಳುಹಿಸಿದೆ. ಪರದೆಯ ಉದ್ದವನ್ನೂ ಕೇಳಿದ್ದೇನೆ. ಟರ್ಬೊ ಬೇಕೇ ಬೇಡವೇ ಎಂಬುದು ಬೆಲೆಪಟ್ಟಿ ಬಂದ ಮೇಲೆ. ಈಗ ಉಳಿದ ಪ್ರಶ್ನೆ ಒಂದೇ: ಜನರ ಸ್ಲೆಡ್ಡನ್ನು ಗಾಡಿಯ ಜೊತೆಗೇ ಒಂದೇ ಟ್ರೇಲರಿನಲ್ಲಿ ಏರಿಸಬೇಕಾದರೆ ಟ್ರೇಲರ್ ಎಷ್ಟು ಉದ್ದವಿರಬೇಕು? ಎಳೆಗಂಬಿ ಬಿಚ್ಚಲು ಬರುವ ಸ್ಲೆಡ್ ಯಾವುದಾದರೂ ಬಳಸಿದವರಿದ್ದರೆ ತಿಳಿಸಿ.